ಮೂರೂವರೆಗೆ ಏಳಬೇಕು

ಬಿಸಿಲೇರಿದರೆ ಗುಂಪೆಯ ನೆತ್ತಿಯಲ್ಲಿ ಗಾಳಿ ನಡುಗುತ್ತದೆ,
ದುರ್ಬೀನಿನೊಳಗೆ ಗಡಿಕಲ್ಲೂ ಕುಣಿಯತೊಡಗುತ್ತದೆ.
ಅಳತೆಯೇನಿದ್ದರೂ ಬೆಳಕು ಹರಿದ ಮೊದಲ ಗಳಿಗೆಯಲ್ಲೇ.
ಅದಕ್ಕೇ ಈ ರಾತ್ರಿ, ಬಾಯಾರಿನ ಈಚೆ,
ಗೇರುಬೀಜ ರಾಶಿ ಹಾಕುವ ತಗಡಿನ ಶೆಡ್ಡಿನಲ್ಲಿ
ಒಣಗಲು ಹರಡಿದ ಬೂತಾಯಿಗಳ ಹಾಗೆ
ಸಾಲಾಗಿ ನಾವು.

ಗೋಡೆಯ ಬದಿಗೆ ಲಿಸ್ಸಮ್ಮ ಮೇಡಂ, ಸರ್ವೇಯರು,
ಪಾಲಾದಿಂದ ಬಂದು ಇವತ್ತಿಗೆ ಹನ್ನೊಂದು ದಿನ.
ಆಮೇಲೆ ಉಪಕರಣದ ಹಳದಿ ಪೆಟ್ಟಿಗೆ,
ಅದಕ್ಕೂ ಒಂದು ಚಾಪೆ;
ನನ್ನ ಮನೆಗಿಂತ ಅದರ ಬೆಲೆ ಹೆಚ್ಚಂತೆ.
ಆಚೆಗೆ ಜೀಪಿನ ರಜಾಕ್,
ತಲೆಯಿಟ್ಟ ಮೂರನೇ ಉಸಿರಿಗೇ
ಎರಡನೇ ಗೇರಿನಲ್ಲಿ ಘಾಟಿ ಹತ್ತುತ್ತಿದ್ದಾನೆ.
ಬಾಗಿಲಲ್ಲಿ ನಾನು, ಚೈನ್‌ಮ್ಯಾನ್ ಮೋನಪ್ಪ.
ಚೈನು ಹೋಗಿ ಎಷ್ಟೋ ವರ್ಷ; ಹೆಸರು ಮಾತ್ರ
ಹಲ್ಲಿ ಓಡಿದ ಮೇಲೂ ಮಿಸುಕುವ ಬಾಲ.

ಕಾವಲಿನ ಅಂಗಾರೆ ಮಲಗುವುದಿಲ್ಲ.
ಗಂಜಿ ಕೊಟ್ಟ, ಸುಟ್ಟ ಒಣನಂಗು ಕೊಟ್ಟ, ಒಂದು ಮಾತು ಹೇಳಿದ:
‘ಚಪ್ಪಲಿ ತಲೆಯಡಿ ಇಡಿ. ಇಲ್ಲಿಯ ನರಿಗೆ ಕೋಳಿಗಿಂತ ಚರ್ಮ ಇಷ್ಟ.’
ಮೇಡಂ ಬೂಟು ಬಿಚ್ಚಲೇ ಇಲ್ಲ.
ನಾನು ನಕ್ಕೆ. ಈ ಗುಡ್ಡ ನನಗೆ ನಲವತ್ತನೆಯ ಸಲ.

ಹೊರಗೆ ಬಿದ್ದು ಕೊಳೆತ ಗೇರುಹಣ್ಣಿನ ವಾಸನೆ,
ಉಸಿರೆಳೆದರೇ ಅರ್ಧ ಅಮಲು.

‘ಮೋನಪ್ಪ ಚೇಟಾ, ಉರಂಙಿಯೋ?’
‘ಇಲ್ಲ ಮೇಡಂ.’
‘ಹಳೆಯ ಪುಸ್ತಕದಲ್ಲಿ ಕನ್ನಡದ ಮೂರು ಮಾತು.
ಬೈಲು, ಮಜಲು, ಬೆಟ್ಟು. ನನ್ನ ಕಂಪ್ಯೂಟರಿನಲ್ಲಿ ಕಾಲಂ ಎರಡೇ:
ನಿಲಂ, ಪುರಯಿಡಂ.
ಯಾವುದನ್ನು ಯಾವುದಕ್ಕೆ ಹಾಕಲಿ?’

ಕತ್ತಲಲ್ಲಿ ಬೆರಳು ಮಡಚುತ್ತ ಹೇಳಿದೆ:
ನೀರು ತಾನಾಗಿ ಬಂದು ಕೂರುವಲ್ಲಿ ಬೈಲು, ಮೂರು ಬೆಳೆ.
ಕರೆದರೆ ಬರುವಲ್ಲಿ ಮಜಲು, ಎರಡು.
ಮಳೆಯೊಂದನ್ನೇ ನಂಬಿದಲ್ಲಿ ಬೆಟ್ಟು, ಒಂದೇ ಒಂದು.
ಅದಕ್ಕೂ ಮೇಲೆ ಪದವು, ಮುಳಿಹುಲ್ಲು, ಕರಿಗಲ್ಲು, ಯಾರದ್ದೂ ಅಲ್ಲ.
‘ಗುಂಪೆ ಅಂದರೆ?’
ಬೆರಳು ಮುಗಿದಿತ್ತು.
ಗುಂಪೆ ಅಂದರೆ ಗುಂಪೆ, ಮೇಡಂ.

ಮೊಬೈಲಿನ ಬೆಳಕಿನಲ್ಲಿ ಅವರು ಏನೋ ಬರೆದುಕೊಂಡರು,
ದುಂಡುದುಂಡಗೆ, ಅಂಚಿನಲ್ಲಿ,
ಕಾಲಮ್ಮಿನ ಹೊರಗೆ.

ನಾನು ಹೇಳದೆ ಉಳಿಸಿಕೊಂಡದ್ದು ಬೇರೆ.
ನಾಳೆ ಆ ನೆತ್ತಿಯಿಂದ ಎಳೆಯುವ ಗೆರೆಗಳಲ್ಲಿ ಒಂದು
ಕೆಳಗೆ, ನಮ್ಮ ಬೆಟ್ಟುಗದ್ದೆಯ ಮೂಲೆಯಲ್ಲಿ,
ಒಂದು ಹಲಸಿನ ಮರವನ್ನು
ನನ್ನ ಕಡೆಗೋ ತಮ್ಮ ಬಾಬುವಿನ ಕಡೆಗೋ ದೂಡಲಿದೆ.
ಆರು ವರ್ಷದಿಂದ ಹಣ್ಣು ಬಿದ್ದಲ್ಲೇ ಕೊಳೆಯುತ್ತಿದೆ,
ಆರು ವರ್ಷದಿಂದ ಎದುರಾದಾಗ ಇಬ್ಬರಿಗೂ
ಒಮ್ಮೆಲೇ ಕೆಮ್ಮು.

ಕೋಲು ಹಿಡಿಯುವವನು ನಾನೇ.
ಕೂದಲೆಳೆಯಷ್ಟು ವಾಲಿಸಿದರೆ ಸಾಕು, ದೂರದಲ್ಲಿ ಒಂದು ಮರ ನಡೆಯುತ್ತದೆ.
ಮೂವತ್ತೊಂದು ವರ್ಷ ವಾಲಿಸಿಲ್ಲ.
ನಾಳೆಯೂ ಇಲ್ಲ, ಅಂದುಕೊಳ್ಳುತ್ತೇನೆ,
ಅಂದುಕೊಳ್ಳುತ್ತಲೇ ಮಗ್ಗುಲು ಬದಲಿಸಿ
ತಗಡಿನ ಸಂದಿಯಿಂದ ಆಕಾಶ ಹುಡುಕುತ್ತೇನೆ.
ಒಂದಿಷ್ಟು ಮಂಜು ಬರಬಾರದೇ.
ಜೀಪು ತಿರುಗಿಸಿ, ಇನ್ನೊಂದು ದಿನ ನೋಡೋಣ ಎಂದು
ಮೇಡಂ ಹೇಳುವಷ್ಟು ಮಾತ್ರ.
ಶಿಖರ ಕಾಣಲಿ ಎಂದು ಬೇಡುತ್ತಾರಂತೆ ಗುಡ್ಡದ ಬುಡದಲ್ಲಿ ಮಲಗಿದವರು.
ನನ್ನ ಬೇಡಿಕೆ ಯಾವ ದೇವರ ಖಾತೆಗೆ?

ಮೂರೂವರೆಗೆ ಅಂಗಾರೆ ಅಗುಳಿ ತೆಗೆದ.
‘ಮೋಡ ಇಲ್ಲ,’ ಅಂದ,
ಕಪ್ಪು ಚಹಾದ ಲೋಟ ಕೈಗಿಡುತ್ತ.
ನಿಜ. ಉಪ್ಪಿನ ಮೂಟೆ ಒಡೆದಂತೆ ಚುಕ್ಕಿ.
ರಜಾಕ್ ಪೆಟ್ಟಿಗೆ ಹೆಗಲಿಗೇರಿಸಿದ,
ಮೇಡಂ ತಲೆದೀಪ ಹಚ್ಚಿ ಅಂಗಳಕ್ಕಿಳಿದರು.

ಬಾಗಿಲಲ್ಲಿ ತಡಕಿದೆ.
ಎಡಗಾಲಿನದು ಇದೆ.
ಬಲಗಾಲಿನದು ಇಲ್ಲ.
ಅಂಗಾರೆ ನಗಲಿಲ್ಲ, ಅದೇ ಕಷ್ಟವಾಯಿತು.

ಕೋಲು ಹೆಗಲಿಗಿಟ್ಟು ಹತ್ತುತ್ತಿದ್ದೇನೆ.
ಒಂದು ಕಾಲಿಗೆ ಕಲ್ಲು ಗೊತ್ತಾಗುತ್ತಿದೆ,
ಇನ್ನೊಂದಕ್ಕೆ ಇಲ್ಲ.