ಗೈರುಹಾಜರಿ

ದ್ವಿತೀಯ ಭಾಷೆಯ ಪರೀಕ್ಷೆಗೆ ಕೂರಿಸುವ ಕ್ರಮ ನಮ್ಮಲ್ಲಿ ಹೀಗೆ:
ಒಬ್ಬಳಿಗೆ ಕನ್ನಡದ ಪ್ರಶ್ನೆಪತ್ರಿಕೆ, ಪಕ್ಕದವಳಿಗೆ ಮಲಯಾಳದ್ದು,
ಹಿಂದಿನ ಬೆಂಚಿನಲ್ಲಿ ಅದಲು ಬದಲು.
ಒಂದು ಬಾಣ ಮೇಲಕ್ಕೆ, ಒಂದು ಬಾಣ ಕೆಳಕ್ಕೆ
ಎಂದೇ ಕಾಣುತ್ತದೆ ನನಗೆ.
ಆರು ವರ್ಷ ತಾಮ್ರದ ಆಕ್ಸೈಡು ಅರೆದವಳ ಚಾಳಿ.

ಅಲ್ಲೂ ಹೀಗೇ. ಪರಮಾಣುವಿಗೊಂದು ಪುಟ್ಟ ಅಯಸ್ಕಾಂತ,
ಅಯಸ್ಕಾಂತಕ್ಕೆ ನೆರೆಯವನೊಡನೆ ಹಟ:
ನೀನು ಬಡಗಣಕ್ಕೆ ತಿರುಗಿದೆಯೋ, ನಾನು ತೆಂಕಣಕ್ಕೆ.
ಕೋಟಿ ಹಟ ಕೂಡಿಸಿದರೆ ಮೊತ್ತ ಸೊನ್ನೆ.
ಹೊರಗಿಂದ ನೋಡಿದವರಿಗೆ ಎಂಥ ಶಾಂತಿ!
ಅಲುಗಲು ಜಾಗವಿಲ್ಲ, ಆದ್ದರಿಂದ ಯಾರೂ ಅಲುಗುವುದಿಲ್ಲ;
ವಿದ್ಯುತ್ತು ಹೊಸ್ತಿಲವರೆಗೆ ಬಂದು ಹಿಂದಿರುಗುತ್ತದೆ.

ಇವತ್ತು ಐವರು ಬಂದಿಲ್ಲ.
ಚಂದ್ರಗಿರಿ ಸೇತುವೆಯ ಮೇಲೆ ಬಸ್ಸು ಕೆಟ್ಟಿದೆಯಂತೆ.
ಮೂರನೆಯ ಸಾಲಿನ ಅನ್ಸೀರಾ ಪಕ್ಕದ ಖಾಲಿ ಜಾಗಕ್ಕೆ ಸರಿದಳು,
ಫ್ಯಾನಿನ ಗಾಳಿಗೆ, ಟೀಚರೇ.
ಅವಳು ಬಿಟ್ಟಲ್ಲಿಗೆ ರೇವಣಾಕ್ಷ. ಅವನು ಬಿಟ್ಟಲ್ಲಿಗೆ ಇನ್ನೊಬ್ಬಳು.
ನಡೆದಾಡತೊಡಗಿದ್ದು ಮಕ್ಕಳಲ್ಲ, ಖಾಲಿತನ;
ಹೋದ ದಾರಿಯಲ್ಲೆಲ್ಲ ಕನ್ನಡದ ಪಕ್ಕ ಕನ್ನಡ,
ಮಲಯಾಳದ ಪಕ್ಕ ಮಲಯಾಳ.
ಗದರಬೇಕಿತ್ತು.
ನೂರಕ್ಕೆ ಎಷ್ಟು ಗೈರು ಎಂದು ಲೆಕ್ಕ ಹಾಕುತ್ತಿದ್ದೆ.

ಎರಡಾದರೆ ಹಟ ಸಡಿಲ.
ಹದಿನಾರರ ಹತ್ತಿರ, ಚಳಿಯೂ ಸಾಕಷ್ಟಿದ್ದರೆ,
ಜೋಡಿ ಜೋಡಿಯಾಗಿ ಹೊರಡುತ್ತವೆ, ತಡೆಯೇ ಇಲ್ಲದ ಹಾಗೆ.
ಇಪ್ಪತ್ತೇಳು ದಾಟಿತೋ, ಮುಗಿಯಿತು;
ಯಾವ ಮಾಯೆಯೂ ಇಲ್ಲದ ಬರೀ ಲೋಹ.

ಮಧ್ಯಾಹ್ನ ಕುಂಞಂಬು ಮೃಗಾಸ್ಪತ್ರೆಯಿಂದ ಕ್ಯಾನು ತಂದ.
ಹೋರಿಗಳ ಬೀಜ ಕಾಯುವ ದ್ರವ ಸಾರಜನಕ,
ನಾಲ್ಕಕ್ಕೆ ಉಳಿದದ್ದು ವಾಪಸು ಕೊಡಬೇಕು.
ಎರಡು ಕರಿ ಬಿಲ್ಲೆ, ಒಂದೇ ಕುಲುಮೆಯವು.
ಮೊದಲನೆಯದಕ್ಕೆ ಆಮ್ಲಜನಕ ಕುಡಿಸಿಲ್ಲ:
ಮೇಲಿಟ್ಟ ಅಯಸ್ಕಾಂತ ಇಟ್ಟಲ್ಲೇ ಕೂತಿತು, ಕಲ್ಲಿನ ಮೇಲೆ ಕಲ್ಲು.
ಎರಡನೆಯದು ರಾತ್ರಿಯಿಡೀ ಕುಡಿದದ್ದು.
ಆವಿ ಮೇಜಿನಂಚಿಂದ ಸುರಿಯುತ್ತಿದ್ದಂತೆ
ಅಯಸ್ಕಾಂತ ಎದ್ದು ಗಾಳಿಯಲ್ಲಿ ನಿಂತಿತು,
ತನ್ನ ಬಲವನ್ನು ಒಳಗೆ ಬಿಟ್ಟುಕೊಳ್ಳದ ಬಾಗಿಲಿನ ಮುಂದೆ.

ಕುಂಞಂಬು ಕಾಗದದ ಚೂರೊಂದನ್ನು ಅಡಿಯಲ್ಲಿ ತೂರಿಸಿ
ಆಚೆ ಬದಿಯಿಂದ ಎಳೆದುಕೊಂಡ. ಇಪ್ಪತ್ತು ವರ್ಷದಿಂದ
ಪ್ರತಿ ಬ್ಯಾಚಿಗೂ ಎಳೆಯುತ್ತಾನೆ.
ಇವತ್ತು ಮಾತ್ರ ಕೇಳಿದ:
ಮೊದಲಿನ ಆ ಜಗಳ ಎಲ್ಲಿ ಹೋಯಿತು ಟೀಚರೇ?

ಹೋಗಿಲ್ಲ ಕುಂಞಂಬು. ನ್ಯೂಟ್ರಾನು ಬಿಟ್ಟು ನೋಡಿದರೆ
ಈಗಲೂ ಸಿಗುತ್ತದೆ, ಹುಟ್ಟುತ್ತ ಅಳಿಯುತ್ತ,
ಮಡಕೆಯ ನೀರಿನ ನಡುಕದ ಹಾಗೆ.
ಜೋಡಿಗಳನ್ನು ಕಟ್ಟುವುದೂ ಆ ನಡುಕವೇ ಏನೋ.
ನನ್ನ ಪ್ರಬಂಧದ ಐದನೆಯ ಅಧ್ಯಾಯ
'ಇರಬಹುದು' ಎಂಬಲ್ಲಿಗೆ ನಿಂತಿದೆ.

ಸಾರಜನಕ ಆರಿತು. ಟಿಕ್ ಎಂದು ಅಯಸ್ಕಾಂತ ಕೂತಿತು.
ಕ್ಯಾನಿನ ಮುಚ್ಚಳ ಬಿಗಿದು ಅವನು ಬಸ್‌ಸ್ಟಾಂಡಿಗೆ ಓಡಿದ.
ಹಾಜರಿ ಹಾಳೆ ತೆರೆದೆ, ಕೆಂಪು ಶಾಯಿ.
ನಾಲ್ಕು ಹೆಸರಿನ ಮುಂದೆ ಬರೆದೆ.
ಐದನೆಯವಳು ಬಾಗಿಲಲ್ಲಿ ನಿಂತಿದ್ದಳು,
ಚಪ್ಪಲಿ ಕೈಯಲ್ಲಿ ಹಿಡಿದು, ಏದುಸಿರು ಬಿಡುತ್ತ:
ಸೇತುವೆಯಿಂದ ನಡೆದೇ ಬಂದೆ, ಮುಗಿಯಿತಾ?