ಕಪ್ಪು ಕಾರ್ಡು

ಓದದೇ ಇರುವುದು ನನ್ನ ಕಸುಬಿನ ಅರ್ಧ.
ದುರ್ಗಿಗುಡಿಯ ಈ ಆರಡಿ ಅಂಗಡಿಗೆ
ವಿಚ್ಛೇದನದ ನೋಟೀಸು ಬರುತ್ತದೆ, ರಕ್ತದ ವರದಿ ಬರುತ್ತದೆ,
ಮೂರನೇ ಸಲವೂ ನಪಾಸಾದ ಹುಡುಗಿಯ ಅಂಕಪಟ್ಟಿ.
ಗಾಜಿನ ಮೇಲೆ ಮಗುಚಿ ಹಾಕುತ್ತೇನೆ.
ಓದುವುದನ್ನು ಬೆಳಕು ಓದಿಕೊಳ್ಳಲಿ,
ನಾನು ಹೇಳುವುದಿಷ್ಟೇ: ಎರಡು ರೂಪಾಯಿ.

ಗುತ್ಯಪ್ಪ ಬಂದದ್ದು ಮಧ್ಯಾಹ್ನ, ಕರೆಂಟು ಬಂದ ಮೇಲೆ.
ಎದುರಿನ ಮೆಡಿಕಲ್ಲಿನಲ್ಲಿ ಬಿಲ್ಲು ಹೊಡೆಯುವವನು,
ಆನವಟ್ಟಿ ಕಡೆಯ ಹುಡುಗ.
ಅಂಗೈಯಡಿ ಒಂದು ಚೀಟಿ, ಅಂಗೈ ಬೆವರಿತ್ತು.
"ಲ್ಯಾಮಿನೇಷನ್ ಆಗ್ಬೇಕಿತ್ತು ಅಕ್ಕ. ಆದ್ರೆ ನೋಡ್ಬಾರ್ದು."
"ಪ್ರೇಮಪತ್ರಕ್ಕೂ ಪ್ಲಾಸ್ಟಿಕ್ಕೇನೋ?"
"ಹನ್ನೆರಡು ಪದ. ನನ್ನ ದುಡ್ಡೆಲ್ಲ ಅದ್ರಲ್ಲೇ."

ರಾತ್ರಿ ಪಾಳಿಯ ಭತ್ಯೆ, ಐನೂರು ಐನೂರರಂತೆ,
ಮೂರು ವರ್ಷ ಕಾಯಿನ್ನು ಕೊಂಡಿದ್ದನಂತೆ.
ಹಿಂದಿನ ದಿನ ಫೋನು ನೆನೆಹಾಕಿದ ಬಟ್ಟೆಯ ಬಕೆಟ್ಟಿಗೆ ಬಿದ್ದು ಸತ್ತಿತ್ತು.
ಹೊಸದು ಇನ್ನೂ ಡಬ್ಬದಲ್ಲೇ ಇತ್ತು:
ಮೊದಲು ಚೀಟಿ ಭದ್ರವಾಗಲಿ, ಆಮೇಲೆ ಮಿಕ್ಕಿದ್ದು.
ಫೋಟೋ ತೆಗೆಯಬೇಡ ಅಂದಿದ್ದರು, ತೆಗೆದಿರಲಿಲ್ಲ.
ಮೇಲಿನಲ್ಲಿಡಬೇಡ ಅಂದಿದ್ದರು, ಇಟ್ಟಿರಲಿಲ್ಲ.
ಯಾರಿಗೂ ಹೇಳಬೇಡ. ತಾಯಿಗೂ ಹೇಳಿರಲಿಲ್ಲ.
ಮರೆತರೆ ಅರ್ಜಿ ಬರೆಯಲು ಅಲ್ಲಿ ಬ್ಯಾಂಕಿಲ್ಲ,
ಕೈಮುಗಿಯಲು ಮ್ಯಾನೇಜರಿಲ್ಲ.
ತನ್ನ ಅಕ್ಷರ ಡಾಕ್ಟರದ್ದಕ್ಕಿಂತ ಕಡೆ ಎಂದು
ಅಂಗಡಿಯ ಬಿಲ್ಲಿನ ಯಂತ್ರದಲ್ಲೇ ಮುದ್ರಿಸಿದ್ದನಂತೆ,
ಮಾತ್ರೆಗಳ ಹೆಸರಿರುವ ಜಾಗದಲ್ಲಿ ಒಂದೊಂದು ಪದ,
ಪ್ರಮಾಣ ಒಂದು, ದರ ಸೊನ್ನೆ.

ಇದನ್ನೆಲ್ಲ ಅವನು ಹೇಳಿದ್ದು ಆಮೇಲೆ.

ಚೀಟಿ ಯಂತ್ರದ ಬಾಯಿಗೆ ಹೋಗುವಾಗ
ಇಬ್ಬರೂ ರಸ್ತೆ ನೋಡುತ್ತಿದ್ದೆವು.
ಅವನು, ಯಾರೂ ಬಾರದಿರಲೆಂದು.
ನಾನು, ಮಾತು ಕೊಟ್ಟಿದ್ದೆನೆಂದು.
ಸಣ್ಣಗೆ ಸೀದ ವಾಸನೆ.
ಆ ಕಡೆಯಿಂದ ಹೊರಬಂತು
ಇಸ್ಪೀಟಿನ ಎಲೆಯಷ್ಟು ಅಮಾವಾಸ್ಯೆ.
ಅಂಚು ನೀಟಾಗಿತ್ತು.
ಇನ್ನು ನೂರು ವರ್ಷ ಅದಕ್ಕೆ ನೀರು ತಾಗದು.

ಬಿಲ್ಲಿನ ಕಾಗದ ಬಿಸಿಗೆ ಕಪ್ಪಾಗುತ್ತದೆ.
ಎಟಿಎಂ ಚೀಟಿ ತಂದವರನ್ನು ಬೈದು ಕಳಿಸುವವಳು ನಾನು.
ಒಂದು ಸಲ ನೋಡಿದ್ದರೆ ಸಾಕಿತ್ತು ಮಾರಾಯ.
ನೋಡಲಿಲ್ಲ.

ಅವನಿಗೆ ನೆನಪಿದ್ದದ್ದು ಮೂರು:
ಮ್ಯಾಂಗೋ, ಲ್ಯಾಡರ್, ಆರ್ಫನ್.
ಇನ್ನೊಂದು ಬ್ರಿಜ್ಜೋ ಬ್ರೀಜೋ.
ಕತೆ ಕಟ್ಟಿದರೆ ಉಳಿದವೂ ಬಂದಾವೆಂದು
ಷಟರು ಅರ್ಧ ಇಳಿಸಿ ಕೂತೆವು.
ಮಾವಿನ ಮರಕ್ಕೆ ಏಣಿಯಿಟ್ಟು ಒಬ್ಬ ತಬ್ಬಲಿ ಹತ್ತಿದ.
ಹತ್ತಿ? ಹತ್ತಿ ಏನು ಕಂಡ?
ಲೈಟು ಹಾಕುವ ಹೊತ್ತಾದರೂ ತಬ್ಬಲಿ ಕೆಳಗಿಳಿಯಲಿಲ್ಲ.

ವಾರ ಬಿಟ್ಟು ಯಾರದೋ ಫೋನು:
ಕಳೆದದ್ದನ್ನು ತೆಗೆದುಕೊಡುತ್ತೇವೆ, ಏಳು ಸಾವಿರ ಮುಂಗಡ.
ನನ್ನನ್ನು ಕೇಳದೆ ಕಳಿಸಿದ. ಕೇಳಿದ್ದರೂ
ಬೇಡ ಅನ್ನಲು ನನಗೆ ಯಾವ ಬಾಯಿ?
ಆ ನಂಬರು ಈಗ ಅಸ್ತಿತ್ವದಲ್ಲಿಲ್ಲ.

ದುಡ್ಡು ಮಾತ್ರ ಕಳೆದಿಲ್ಲವಂತೆ. ಅದೇ ಸಂಕಟ.
ಹೊಸ ಫೋನಿನಲ್ಲಿ ತೋರಿಸುತ್ತಾನೆ:
ಉದ್ದದ್ದೊಂದು ವಿಳಾಸ, ಕೆಳಗೆ ಮೊತ್ತ.
ಲೋಕದಲ್ಲಿ ಯಾರು ಬೇಕಾದರೂ ನೋಡಬಹುದು,
ಯಾರೂ ಮುಟ್ಟುವಂತಿಲ್ಲ, ಅವನೂ.
ದರ ಏರಿದ ದಿನ ಅವನಿಗೆ ಊಟ ಸೇರದು.
"ಎರಡು ಎಂಬತ್ತಾಯ್ತಕ್ಕ," ಎನ್ನುತ್ತಾನೆ,
ಜೇಬಿನಿಂದ ಕಪ್ಪು ಕಾರ್ಡು ತೆಗೆದು
ಟ್ಯೂಬ್‌ಲೈಟಿಗೆ ಅಡ್ಡ ಹಿಡಿದು, ಓರೆ ಮಾಡಿ,
ಮತ್ತೆ ಒಳಗಿಡುತ್ತಾನೆ.
ನಾನು ಸ್ಟೇಪ್ಲರಿನ ಪಿನ್ನು ತುಂಬುತ್ತೇನೆ, ಅದು ತುಂಬಿದ್ದರೂ.

ಇಳಿದ ದಿನ ಬೇರೆಯೇ ಮನುಷ್ಯ.
ಕ್ರಾಪು ಬಾಚಿರುತ್ತಾನೆ. ಎರಡು ಚಾ ಹೇಳುತ್ತಾನೆ,
ಒಂದು ನನಗೆ.
ನಿನ್ನೆ ಮೆಡಿಕಲ್ಲಿನ ಮೆಟ್ಟಿಲ ಮೇಲಿಂದಲೇ ಕೂಗಿದ,
ಎರಡೂ ಕೈ ಮೇಲೆತ್ತಿ:
"ಬಿತ್ತಕ್ಕಾ! ಪೂರಾ ಬಿತ್ತು!"
ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು
ತಮ್ಮ ತಮ್ಮ ಕಾಲಡಿ ನೋಡಿಕೊಂಡರು.