ಎಡಗೈ ಗಂಟು

ದೇವರಾಯನದುರ್ಗದ ಏರು ಶುರುವಾದರೆ ಸಾಕು,
ಕಂಪೌಂಡರ್ ಚನ್ನವೀರಪ್ಪನವರ ಫಿಯಟ್ಟು
ಎರಡು ಸಲ ಕೆಮ್ಮಿ ನಿಂತುಬಿಡುತ್ತದಂತೆ.
ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ
ದೂರ ಹೋಗಿ ಒಂದು ಬೀಡಿ ಸೇದಿ ಬಂದರೆ
ಮತ್ತೆ ಸರಿ.

ಶಿರಾ ಗೇಟಿನ ನನ್ನ ಶೆಡ್ಡಲ್ಲಿ ಬಾನೆಟ್ ಎತ್ತಿದೆ.
ಪೆಟ್ರೋಲ್ ಪೈಪು ಮ್ಯಾನಿಫೋಲ್ಡಿಗೆ ಆತುಕೊಂಡೇ
ಅಡ್ಡದಾರಿ ಹಿಡಿದು ಕಾರ್ಬೊರೇಟರಿಗೆ ಹತ್ತಿದೆ.
ಕಾದ ಕಬ್ಬಿಣದ ಪಕ್ಕ ಪೆಟ್ರೋಲು
ಪೆಟ್ರೋಲಾಗಿಯೇ ಉಳಿದೀತೆ?
ಹಬೆಯಾಗಿ, ಪೈಪಲ್ಲೇ ಕೂತು, ದಾರಿ ಕಟ್ಟುತ್ತದೆ.

'ಯಾವ ಬೇಕೂಫನಪ್ಪಾ ಮಾಡಿದ್ದು ಇದನ್ನ'
ಬೈಯುತ್ತಲೇ ಟಾರ್ಚು ಒಳಗೆ ಹಿಡಿದೆ.
ಪೈಪು ಬಿಗಿದ ತಂತಿ: ಮೂರು ಸುತ್ತು,
ಎಡಕ್ಕೆ ತಿರುಚಿ, ತುದಿ ಒಳಕ್ಕೆ ಮಡಚಿ.
ಎಡಚ ನಾನು. ಹಾಗೆ ಕಟ್ಟುವವನು
ಈ ಊರಲ್ಲಿ ಇನ್ನೊಬ್ಬನಿಲ್ಲ.

ಹದಿನೇಳು ವಯಸ್ಸು.
ಉಸ್ತಾದ್ ಖಲಂದರ್ ಸಾಬರು ಊಟಕ್ಕೆ ಹೋಗಿದ್ದ ಹೊತ್ತು.
ಒಂದಡಿ ಪೈಪು ಉಳಿಸಿ ತೋರಿಸಬೇಕಿತ್ತು, ಅಷ್ಟೆ.

ಚಾಸಿಯ ಅಂಚಿಗುಂಟ ತಾಮ್ರ ಬಗ್ಗಿಸಿದೆ,
ಬಿಸಿಯಿಂದ ನಾಲ್ಕು ಬೆರಳು ಆಚೆ,
ಎಲ್ಲೂ ಚಪ್ಪಟೆಯಾಗದ ಹಾಗೆ, ನಿಧಾನ.
ಸಂಜೆಯಾಯಿತು.

'ಎಷ್ಟಾಯ್ತಪ್ಪ?'
'ಪೈಪಿನ ದುಡ್ಡು ಕೊಡಿ ಸಾಕು.'
'ಕೂಲಿ?'
ಹಳೇ ತಂತಿ ಜೇಬಿನೊಳಗಿಂದ
ತೊಡೆಗೆ ಚುಚ್ಚುತ್ತಿತ್ತು.
'ಅದು ಆಗಲೇ ಬಂದಿದೆ' ಅಂದೆ.